ಶಕ್ತಿ ಪುಡಿ

ನಾನು ಕದ್ದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಬೇರೆ ಯಾರ ಬಾಯಿಂದಲೋ ಕೇಳಿ, ಇವಳೇ ಕಳ್ಳಿ, ಇವಳ ಮಾತೇನು ಕೇಳುವುದು ಎಂದು ನೀವು ಮುಖ ತಿರುಗಿಸಬಾರದು. ಊಟದ ಡಬ್ಬಿಯ ತಳದಲ್ಲಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ದಿನಕ್ಕೆ ಎರಡು ಚಮಚದಿಂದ ಶುರುಮಾಡಿ ಎರಡು ತಿಂಗಳು ಕದ್ದೆ. ಕದ್ದದ್ದು ಸೀಗಡಿಯನ್ನಲ್ಲ. ಸೀಗಡಿಗೆ ಹಾಕುವ ಪುಡಿಯನ್ನು.

ನಗು ಬಂದರೆ ನಕ್ಕುಬಿಡಿ. ನನ್ನ ಓರಗಿತ್ತಿಯೂ ಮೊದಲು ನಕ್ಕಳು.

ನಾವಿಬ್ಬರೂ ಸೀಗಡಿ ಸಾಕುವ ಹೊಂಡಗಳಲ್ಲಿ ಮೇವು ಕಲಸುವವರು. ನಾನು ಹನ್ನೊಂದು ವರ್ಷದಿಂದ, ಅವಳು ಆರು ವರ್ಷದಿಂದ. ಹದಿನಾಲ್ಕು ಹೊಂಡ. ಒಂದೊಂದರಲ್ಲೂ ಲಕ್ಷಗಟ್ಟಲೆ ಸೀಗಡಿ. ಅವಕ್ಕೆ ದಿನಕ್ಕೆ ನಾಲ್ಕು ಊಟ. ನಮಗೆ ಎರಡು. ಚೀಲದಿಂದ ಮೇವಿನ ಕಾಳನ್ನು ಟಾರ್ಪಾಲಿನ ಮೇಲೆ ಸುರಿಯಬೇಕು. ಅದಕ್ಕೆ ಖನಿಜದ ಪುಡಿ, ವಿಟಮಿನ್ ಪುಡಿ, ಸಕ್ಕರೆ ನೀರಿನಲ್ಲಿ ಹುಳಿ ಬರಿಸಿದ ಒಂದು ದ್ರವ. ಎಲ್ಲವನ್ನೂ ಹಾಕಿ, ಮಂಡಿಯೂರಿ, ಮೊಣಕೈಯವರೆಗೆ ಕೈ ಇಳಿಸಿ ಕಲಸಬೇಕು. ಕೊನೆಗೆ ಮೀನೆಣ್ಣೆ. ಎಣ್ಣೆ ಪುಡಿಯನ್ನು ಕಾಳಿಗೆ ಅಂಟಿಸಿ ಹಿಡಿಯುತ್ತದೆ. ಆಮೇಲೆ ಅರ್ಧ ಗಂಟೆ ನೆರಳಲ್ಲಿ ಆರಹಾಕಿ, ಬುಟ್ಟಿಗೆ ತುಂಬಿ, ಹೊಂಡದ ದಂಡೆಗೆ ಹೊರಬೇಕು. ಒಂದು ಬುಟ್ಟಿ ಇಪ್ಪತ್ತೈದು ಕಿಲೋ.

ಕೈಗವಸು ಕೊಡುವುದಿಲ್ಲ. ಹಾಕಿಕೊಂಡರೆ ಅಂಟು ಹದ ಗೊತ್ತಾಗುವುದಿಲ್ಲವಂತೆ. ಅದೇನೋ ನಿಜ. ಉಗುರಿನ ಸುತ್ತ ಚರ್ಮ ಸುಲಿದು, ಖನಿಜದ ಪುಡಿ ಅಲ್ಲಿ ಕೂತು ಉರಿಯುವುದೂ ನಿಜ. ಮೀನೆಣ್ಣೆಯ ವಾಸನೆ ಯಾವ ಸೋಪಿಗೂ ಹೋಗುವುದಿಲ್ಲ. ಬಸ್ಸಿನಲ್ಲಿ ನನ್ನ ಪಕ್ಕ ಯಾರೂ ಕೂರುವುದಿಲ್ಲ. ಪೂರ್ತಿ ಸೀಟು ನನಗೊಬ್ಬಳಿಗೇ. ರಾಣಿಯ ಹಾಗೆ ಮನೆಗೆ ಬರುತ್ತೇನೆ.

ಕಲಸಿದ ಮೇಲೆ ರುಚಿ ನೋಡುವುದು ನನ್ನ ಕೆಲಸ. ವಿಟಮಿನ್ ಪುಡಿ ಹುಳಿ. ಒಂದು ಕಾಳನ್ನು ನಾಲಿಗೆಯ ತುದಿಗಿಟ್ಟರೆ ಮೊದಲು ಎಣ್ಣೆ ಸಿಗಬೇಕು, ಹಿಂದೆಯೇ ಹುಳಿ. ಹುಳಿ ಮೊದಲು ಬಂದರೆ ಪುಡಿ ಮೇಲೇ ನಿಂತಿದೆ, ನೀರಿಗೆ ಬಿದ್ದ ಕೂಡಲೇ ತೊಳೆದುಹೋಗುತ್ತದೆ ಎಂದರ್ಥ. ಇದನ್ನು ಯಾವ ಕಂಪನಿಯೂ ಹೇಳಿಕೊಟ್ಟಿಲ್ಲ. ನನಗಿಂತ ಮೊದಲು ಕಲಸುತ್ತಿದ್ದ ಮುದುಕಿ ಕಲಿಸಿದಳು. ರುಚಿ ನೋಡು, ಉಗಿ, ನುಂಗಬೇಡ, ಎಂದಿದ್ದಳು. ದಿನಕ್ಕೆ ಐವತ್ತು ಸಲ ಉಗಿಯುವಾಗ ಒಂದೆರಡು ಸಲ ನುಂಗಿಹೋಗುತ್ತದೆ.

ನಮ್ಮ ಮೇಲಿನ ಮ್ಯಾನೇಜರಿಗೆ ನಾವಿಟ್ಟ ಹೆಸರು ಟಾರ್ಚಪ್ಪ. ಹಾಡುಹಗಲಲ್ಲೂ ಕೈಯಲ್ಲಿ ಟಾರ್ಚು. ಒಂದು ಸೀಗಡಿಯನ್ನು ಹಿಡಿದು, ಬಾಲದ ಕಡೆಯಿಂದ ಬೆಳಕು ಬಿಟ್ಟು, ಕರುಳು ತುಂಬಿದೆಯೋ ಖಾಲಿಯೋ ನೋಡುತ್ತಾನೆ. ತುಂಬಿದ್ದರೆ ಕಪ್ಪು ಗೆರೆ ಕಾಣುತ್ತದೆ.

"ಹನ್ನೊಂದು ವರ್ಷದಲ್ಲಿ ಒಂದು ಸಲನಾದ್ರೂ ನಿನ್ನ ಹೊಟ್ಟೆಗೆ ಟಾರ್ಚ್ ಬಿಟ್ಟು ನೋಡಿದ್ನಾ?" ಎಂದು ಓರಗಿತ್ತಿ ಕೇಳುತ್ತಿದ್ದಳು.

"ಬಿಟ್ರೆ ಆ ಕಡೆಯಿಂದ ಈ ಕಡೆಗೆ ನೆಟ್ಟಗೆ ಬೆಳಕು ಬರುತ್ತೆ ಬಿಡು," ಎನ್ನುತ್ತಿದ್ದೆ.

ಆದರೆ ಹೊರಗಿನವರು ಹೊಂಡ ನೋಡಲು ಬಂದಾಗ ಅವನು ನನ್ನನ್ನು ಮುಂದಕ್ಕೆ ಕರೆದು, "ಇವಳ ನಾಲಿಗೆಯೇ ನಮ್ಮ ಲ್ಯಾಬು," ಎನ್ನುತ್ತಿದ್ದ. ನಾನು ಉಬ್ಬಿಹೋಗುತ್ತಿದ್ದೆ. ಅವತ್ತು ಉಬ್ಬಿದ್ದಕ್ಕೆ ಈಗ ನಾಚಿಕೆಯಾಗುತ್ತದೆ.

ಎಂಟು ದಿನಕ್ಕೊಮ್ಮೆ ಬಲೆ ಬೀಸಿ, ಸಿಕ್ಕ ಸೀಗಡಿಗಳನ್ನು ತೂಗಿ, ಗೋಡೆಯ ಮೇಲಿನ ಹಾಳೆಯಲ್ಲಿ ಬರೆಯುತ್ತಾರೆ. ಒಂದು ವಾರ ತೂಕ ಏರದಿದ್ದರೆ ಮೀಟಿಂಗು. ಯಾವ ಪುಡಿ ಕಡಿಮೆಯಾಯಿತು, ಯಾವುದನ್ನು ಹೆಚ್ಚಿಸಬೇಕು ಎಂದು ಮೂರು ಮೂರು ಜನ ತಲೆ ಕೆಡಿಸಿಕೊಳ್ಳುತ್ತಾರೆ. ಅಂಥದ್ದೇ ಒಂದು ತೂಗುವ ದಿನ ನಾನು ಮನೆಗೆ ಬಂದಾಗ ಮಗಳು ಬಾಗಿಲಲ್ಲಿ ಕೂತಿದ್ದಳು. ಹನ್ನೆರಡು ವರ್ಷದವಳು. ಕೈಯಲ್ಲಿ ಶಾಲೆಯ ಚೀಟಿ. ವಯಸ್ಸಿಗೆ ತಕ್ಕ ತೂಕವಿಲ್ಲ, ಪೌಷ್ಟಿಕ ಆಹಾರ ಕೊಡಿ ಎಂದು ಬರೆದಿತ್ತು.

"ಅಮ್ಮ, ನನ್ನನ್ನ ಸಣಕಲು ಸಾಲಲ್ಲಿ ನಿಲ್ಲಿಸಿದ್ರು," ಎಂದಳು.

"ಆ ಸಾಲಲ್ಲಿ ಎಷ್ಟು ಜನ ಇದ್ರು?"

"ಐದು ಜನ. ಎಲ್ಲಾ ಹೊಂಡದ ಕೆಲಸದವರ ಮಕ್ಕಳೇ."

ಅವಳ ಅಪ್ಪ ಐಸ್ ಲಾರಿ ಹೊಡೆಯುತ್ತಾನೆ, ಮನೆಗೆ ಬರುವುದು ಯಾವಾಗಲೋ ಒಮ್ಮೆ. ಅನ್ನ ಇತ್ತು, ಅನ್ನದ ಜೊತೆ ಏನಾದರೊಂದು ಇರುತ್ತಿತ್ತು. ಅದಕ್ಕಿಂತ ಹೆಚ್ಚಿನ ಪೌಷ್ಟಿಕ ಎಲ್ಲಿಂದ ತರಲಿ? ಯೋಚಿಸುತ್ತಾ ಕೈ ಮೂಸಿ ನೋಡಿಕೊಂಡೆ. ಕೈಯಲ್ಲೇ ಇತ್ತು. ನಾನು ಓದಿದ್ದು ನಾಲ್ಕನೆಯ ತರಗತಿ. ಅಕ್ಷರ ಕೂಡಿಸಿ ಓದಬಲ್ಲೆ. ವಿಟಮಿನ್ ಪುಡಿಯ ಡಬ್ಬದ ಮೇಲೆ ದಪ್ಪ ಸೀಗಡಿಯ ಚಿತ್ರ. ಅದರ ಕೆಳಗೆ, ಬೆಳವಣಿಗೆ, ತೂಕ, ರೋಗ ತಡೆಯುವ ಶಕ್ತಿ. ನಾವು ಅದನ್ನು ಕರೆಯುತ್ತಿದ್ದುದೇ ಶಕ್ತಿ ಪುಡಿ ಎಂದು. ಗೋಡೆಯ ಹಾಳೆಯಲ್ಲಿ ಅದರ ಫಲ ಎಂಟು ದಿನಕ್ಕೊಮ್ಮೆ ನನ್ನ ಕಣ್ಣೆದುರೇ ಏರುತ್ತಿತ್ತು. ಹುಳುವಿನಷ್ಟಿದ್ದದ್ದು ಮೂರು ತಿಂಗಳಲ್ಲಿ ಅಂಗೈ ತುಂಬುತ್ತಿತ್ತು. ನೀವಾದರೆ ಏನು ಮಾಡುತ್ತಿದ್ದಿರೋ ಗೊತ್ತಿಲ್ಲ. ನಾನು ಕದ್ದೆ.

ಗೇಟಿನಲ್ಲಿ ಕಾವಲಿನ ಹೆಂಗಸು ದಿನವೂ ನಮ್ಮನ್ನು ತಡಕುತ್ತಿದ್ದಳು. ಬಟ್ಟೆ ಒದರಿಸುತ್ತಿದ್ದಳು, ಸೊಂಟದ ಸುತ್ತ ಕೈಯಾಡಿಸುತ್ತಿದ್ದಳು. ಸೀಗಡಿ ಕದಿಯುತ್ತಾರೆಂದು. ಸೀಗಡಿಯ ಊಟ ಕದಿಯುತ್ತಾರೆಂದು ಯಾರಿಗೂ ಹೊಳೆದಿರಲಿಲ್ಲ.

ಹಾಲಿಗೆ ಹಾಕಿದೆ, ಒಡೆದುಹೋಯಿತು. ಸಕ್ಕರೆ ನೀರಿಗೆ ಹಾಕಿದೆ. ಮಗಳು ಶರಬತ್ತೆಂದು ಚಪ್ಪರಿಸಿ ಕುಡಿದಳು.

"ಏನಮ್ಮ ಇದು?"

"ಆಸ್ಪತ್ರೆಯವರು ಕೊಟ್ಟ ಟಾನಿಕ್ ಪುಡಿ."

ಒಂದು ತಿಂಗಳಲ್ಲಿ ಒಂದು ಕಿಲೋ ಏರಿದಳು. ಬೆಳೆಯುವ ಹುಡುಗಿ, ಗಾಳಿ ಕುಡಿದರೂ ಏರುತ್ತಿದ್ದಳೇನೋ. ನನಗೆ ಮಾತ್ರ ಗೆದ್ದಂತಾಯಿತು.

ಆಮೇಲೆ ಮೂರನೇ ಹೊಂಡಕ್ಕೆ ರೋಗ ಬಿತ್ತು. ಸೀಗಡಿಗಳು ದಂಡೆಗೆ ಬಂದು ಸುಮ್ಮನೆ ನಿಂತುಬಿಡುತ್ತಿದ್ದವು. ಬಾಲ ಕೆಂಪಾಗಿ, ಮೀಸೆ ಮುರಿದು. ಟಾರ್ಚಪ್ಪ ಊಟ ಬಿಟ್ಟು ಓಡಾಡಿದ. ಒಂದು ಬೆಳಿಗ್ಗೆ ಪುಡಿ ತರಲು ಹೋದರೆ ಉಗ್ರಾಣದ ಬಾಗಿಲು ಒಳಗಿನಿಂದ ಹಾಕಿತ್ತು. ಕಿಟಕಿಯ ಸಂದಿಯಿಂದ ನೋಡಿದೆವು, ನಾನೂ ಓರಗಿತ್ತಿಯೂ. ಚೀಟಿಯಿಲ್ಲದ ಒಂದು ಬಿಳಿ ಡ್ರಮ್ಮಿನಿಂದ ಅಳೆದಳೆದು ನಮ್ಮ ಶಕ್ತಿ ಪುಡಿಯ ಡಬ್ಬಗಳಿಗೆ ಟಾರ್ಚಪ್ಪ ಏನೋ ಬೆರೆಸುತ್ತಿದ್ದ. ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದ. ಕೈಗೆ ಕೈಗವಸು ಹಾಕಿಕೊಂಡಿದ್ದ.

"ಸಾಹೇಬ್ರಿಗೆ ಅಂಟು ಹದ ಗೊತ್ತಾಗಲ್ಲ ನೋಡು," ಎಂದಳು ಓರಗಿತ್ತಿ. ನಕ್ಕೆವು. ಅಷ್ಟೇ ಮಾಡಿದ್ದು.

ಅವತ್ತಿನ ಕಾಳು ಕಹಿ. ಎಣ್ಣೆ, ಹುಳಿ, ಅದರ ಹಿಂದೆ ಗಂಟಲವರೆಗೆ ಇಳಿಯುವ ಕಹಿ. ಉಗಿದು ಟಾರ್ಚಪ್ಪನ ಹತ್ತಿರ ಹೋದೆ.

"ಸಾರ್, ಪುಡಿ ಕಹಿ ಬರ್ತಿದೆ."

"ಹೊಸ ಮಾಲು. ಮೊದಲಿನದಕ್ಕಿಂತ ಸ್ಟ್ರಾಂಗು. ಇನ್ಮೇಲೆ ನೀನು ರುಚಿ ನೋಡೋದು ಬೇಡ."

ನನಗೆ ಅವಮಾನವಾಯಿತು. ಹನ್ನೊಂದು ವರ್ಷದ ನಾಲಿಗೆ ಒಂದೇ ದಿನಕ್ಕೆ ಬೇಡವಾಯಿತಲ್ಲ ಎಂದು ಮುಖ ಊದಿಸಿಕೊಂಡು ತಿರುಗಾಡಿದೆ. ಯಾಕೆ ಬೇಡ ಎಂದ ಎಂದು ಯೋಚಿಸಲಿಲ್ಲ. ವಾರದಲ್ಲಿ ಮೂರನೇ ಹೊಂಡದ ಸೀಗಡಿ ಚೇತರಿಸಿಕೊಂಡಿತು. ಸ್ಟ್ರಾಂಗು ಎಂದದ್ದು ಸುಳ್ಳಲ್ಲ ಎಂದುಕೊಂಡೆ. ಮನೆಯಲ್ಲಿ ಎರಡು ಚಮಚ ಇದ್ದದ್ದನ್ನು ಮೂರು ಮಾಡಿದೆ.

"ಅಮ್ಮ, ಇದು ಮೊದ್ಲಿನ ಹಾಗಿಲ್ಲ. ಕಹಿ," ಎಂದಳು ಮಗಳು.

"ಔಷಧಿ ಅಂದ್ಮೇಲೆ ಕಹಿನೇ. ಮೂಗು ಮುಚ್ಕೊಂಡು ಕುಡಿ."

ಕುಡಿದಳು. ಹೇಳಿದ ಮಾತು ಕೇಳುವ ಮಗು.

ಮೂರು ವಾರಕ್ಕೆ ಅವಳ ತುಟಿ ಬಿಳಚಿತು. ಮೆಟ್ಟಿಲು ಹತ್ತಿದರೆ ಏದುಸಿರು. ನಾನು ನಾಲ್ಕು ಚಮಚ ಮಾಡಿದೆ. ಹಲ್ಲುಜ್ಜಿದರೆ ವಸಡಿನಿಂದ ರಕ್ತ. ತೊಡೆಯ ಮೇಲೆ, ಬೆನ್ನ ಮೇಲೆ ಎಲ್ಲೂ ಬೀಳದೆ, ಏನೂ ತಾಗದೆ ನೀಲಿ ಕಲೆ. ಅವಳು ಬಿಳಚಿದಷ್ಟೂ ನಾನು ಪುಡಿ ಹೆಚ್ಚಿಸಿದೆ. ಇದನ್ನು ಬರೆಯುವಾಗ ಕೈ ಕತ್ತರಿಸಿಕೊಳ್ಳಬೇಕೆನಿಸುತ್ತದೆ. ಆದರೂ ಬರೆಯುತ್ತೇನೆ.

ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರಮ್ಮ ರಕ್ತ ತೆಗೆಸಿ ನೋಡಿ ಮಗಳನ್ನು ಸೇರಿಸಿಕೊಂಡಳು. ನನ್ನನ್ನು ಮಂಚದ ಪಕ್ಕ ಕೂರಿಸಿಕೊಂಡು ಹೇಳಿದಳು:

"ಇವಳ ಮೈಯಲ್ಲಿ ಹೊಸ ರಕ್ತ ಹುಟ್ತಿಲ್ಲಮ್ಮ. ಕಾರಣ ಗೊತ್ತಾದ್ರೆ ಉಳಿಸ್ಕೋಬಹುದು. ಏನಾದ್ರೂ ಮಾತ್ರೆ, ಪುಡಿ, ನಾಟಿ ಔಷಧಿ ಕೊಟ್ಟಿದ್ದೀರಾ? ನೆನಪು ಮಾಡ್ಕೊಂಡು ಹೇಳಿ."

"ಏನೂ ಇಲ್ಲ ಡಾಕ್ಟ್ರೇ."

"ಅಮ್ಮ, ಆ ಪುಡಿ..." ಎಂದು ಮಗಳು ಬಾಯಿ ತೆಗೆದಳು.

ನಾನು ಅವಳ ಮಣಿಕಟ್ಟು ಹಿಡಿದು ಅದುಮಿದೆ. ಅವಳು ಸುಮ್ಮನಾದಳು. ಆ ಪುಡಿಯಿಂದಲೇ ಹೀಗಾಗಿದೆ ಎಂದು ನನಗೆ ಗೊತ್ತಿರಲಿಲ್ಲ, ದೇವರಾಣೆ. ನನ್ನ ತಲೆಯಲ್ಲಿದ್ದದ್ದು ಒಂದೇ: ಕಳ್ಳತನ ಹೊರಬೀಳುತ್ತದೆ, ಮಗಳಿಗೆ ಸೀಗಡಿಯ ಮೇವು ತಿನ್ನಿಸಿದವಳು ಎಂದು ವಾರ್ಡಿನ ಜನ ನೋಡುತ್ತಾರೆ. ಮರುದಿನ ಅವಳ ಮಣಿಕಟ್ಟಿನ ಮೇಲೆ ನನ್ನ ನಾಲ್ಕು ಬೆರಳು ನೀಲಿಯಾಗಿ ಮೂಡಿದ್ದವು.

ಆಸ್ಪತ್ರೆಯ ಮಂಚದ ಮೇಲೂ ಕೊಟ್ಟೆ. ನರ್ಸು ಆ ಕಡೆ ತಿರುಗಿದಾಗ. ನಾಲ್ಕು ದಿನ.

ಐದನೆಯ ದಿನ ಬೆಳಿಗ್ಗೆ ಓರಗಿತ್ತಿಯ ಕೈಲಿ ಟಾರ್ಚಪ್ಪ ಹೇಳಿಕಳಿಸಿದ, ಒಂದು ಗಂಟೆ ಬಂದು ಹೋಗು ಎಂದು. ಮಗಳಿಗೆ ಅವತ್ತಿನ ಪುಡಿ ಕುಡಿಸಿ ಹೊರಟೆ.

ಕಚೇರಿಯಲ್ಲಿ ನನಗೆ ಕುರ್ಚಿ ಕೊಟ್ಟ. ಹನ್ನೊಂದು ವರ್ಷದಲ್ಲಿ ಮೊದಲ ಸಲ. ಆಗಲೇ ಎದ್ದು ಹೋಗಬೇಕಿತ್ತು.

"ನಮ್ಮ ಸೀಗಡಿ ಲೋಡು ಪರೀಕ್ಷೆಲಿ ಫೇಲಾಗಿ ವಾಪಸ್ ಬಂದಿದೆ," ಎಂದ. "ಕೊಳ್ಳೋ ಕಂಪನಿಯವರು ಇವತ್ತು ಬರ್ತಿದ್ದಾರೆ. ನೀನು ಇದಕ್ಕೊಂದು ಹೆಬ್ಬೆಟ್ಟು ಒತ್ತು."

"ನನಗೆ ಸಹಿ ಹಾಕೋಕೆ ಬರುತ್ತೆ ಸಾರ್."

"ಇನ್ನೂ ಒಳ್ಳೇದಾಯ್ತು."

ಕಾಗದವನ್ನು ಅಕ್ಷರ ಕೂಡಿಸಿ ಓದಿದೆ. ನಿಧಾನವಾಗಿ. ಅವನು ಟಾರ್ಚನ್ನು ಹಚ್ಚಿ ಆರಿಸಿ ಹಚ್ಚಿ ಆರಿಸಿ ಮಾಡುತ್ತಿದ್ದ. ಕಾಗದದಲ್ಲಿ ಹೀಗಿತ್ತು: ಮನುಷ್ಯರಲ್ಲಿ ರಕ್ತದ ಉತ್ಪತ್ತಿಯನ್ನು ಕುಗ್ಗಿಸುವ ಕಾರಣಕ್ಕೆ ನಿಷೇಧಿಸಲಾದ ಔಷಧವನ್ನು, ಮಾಲೀಕರಿಗೂ ಮ್ಯಾನೇಜರರಿಗೂ ತಿಳಿಸದೆ, ನನ್ನ ಸ್ವಂತ ಬುದ್ಧಿಯಿಂದ ಮೇವಿನಲ್ಲಿ ಬೆರೆಸಿರುತ್ತೇನೆ.

ರಕ್ತ ಎಂಬಲ್ಲಿಗೆ ಬಂದು ನಿಂತೆ. ಮತ್ತೆ ಮೊದಲಿನಿಂದ ಓದಿದೆ. ಮತ್ತೆ ಅಲ್ಲೇ ನಿಂತೆ.

"ಸಾರ್, ಇದು ಆ ಕಹಿ ಪುಡಿನಾ?"

ಅವನು ಕುರ್ಚಿ ಮುಂದೆ ಎಳೆದುಕೊಂಡು ದನಿ ತಗ್ಗಿಸಿದ.

"ನೋಡು, ನಿನ್ನ ಊಟದ ಡಬ್ಬಿ ವಿಷಯ ನನಗೆ ಗೊತ್ತಿಲ್ಲ ಅನ್ಕೊಂಡಿದ್ದೀಯಾ? ಕ್ಯಾಮೆರಾದಲ್ಲಿ ಎರಡು ತಿಂಗಳಿಂದ ನೋಡ್ತಿದ್ದೀನಿ. ಹೋಗ್ಲಿ, ಬಡವರು, ಮಗಳಿಗೆ ತಾನೇ ಅಂತ ದೊಡ್ಡ ಮನಸ್ಸು ಮಾಡಿ ಸುಮ್ಮನಿದ್ದೆ. ನೀನು ಸಹಿ ಹಾಕು, ನಾನು ಅದನ್ನ ಯಾರಿಗೂ ಹೇಳಲ್ಲ. ನಿನ್ನ ಮಗಳನ್ನ ಇನ್ನೂ ಒಳ್ಳೆ ಆಸ್ಪತ್ರೆಗೆ ಸೇರಿಸ್ತೀವಿ."

"ಮಗಳಿಗೆ ಅಂತ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು ಅಂತಾನೇ ಹೇಳ್ತಿದ್ದೀನಲ್ಲ."

"ಬಿಳಿ ಡ್ರಮ್ಮಿಂದು ಬೆರೆಸಿದ ಮೇಲೂ?"

ಟಾರ್ಚು ಆರಿತು. ಮತ್ತೆ ಹಚ್ಚಲಿಲ್ಲ.

ನಾನು ಎದ್ದೆ. ಹೊರಗೆ ಕಾರು ಬಂದು ನಿಂತಿತ್ತು. ಶೆಡ್ಡಿನಲ್ಲಿ ಕೆಲಸದವರನ್ನೆಲ್ಲ ಸಾಲಾಗಿ ನಿಲ್ಲಿಸಿದ್ದರು. ಎಲ್ಲರ ಕೈಯಲ್ಲೂ ಹೊಸ ಕೈಗವಸು, ಪೊಟ್ಟಣದ ಮಡಿಕೆ ಇನ್ನೂ ಬಿಟ್ಟಿರಲಿಲ್ಲ. ನನ್ನ ಕೈಗೂ ಒಂದು ಜೊತೆ ತುರುಕಿದರು. ಓರಗಿತ್ತಿ ಪಕ್ಕಕ್ಕೆ ಬಂದು ಪಿಸುಗುಟ್ಟಿದಳು.

"ಸಹಿ ಹಾಕ್ಬಿಡೇ. ಇಲ್ದಿದ್ರೆ ಹೊಂಡ ಮುಚ್ಚಿಸ್ತಾರಂತೆ. ನಮ್ಮೆಲ್ಲರ ಹೊಟ್ಟೆ ಮೇಲೆ ಹೊಡೀಬೇಡ. ನಿನಗೂ ಕಳ್ಳಿ ಅನ್ನಿಸ್ಕೊಳ್ಳೋದು ತಪ್ಪುತ್ತೆ."

ಕಂಪನಿಯಿಂದ ಬಂದವರಲ್ಲಿ ಕನ್ನಡಕದ ಹೆಂಗಸೊಬ್ಬಳು ಫೈಲು ಹಿಡಿದು ಕೇಳಿದಳು, "ಮೇವು ಕಲಸೋರು ಯಾರು?"

"ಇವಳೇ ಮೇಡಂ," ಎಂದು ಟಾರ್ಚಪ್ಪ ನನ್ನ ಬೆನ್ನಿಗೆ ಕೈ ಹಾಕಿ ಮುಂದಕ್ಕೆ ದೂಡಿದ. "ಗೊತ್ತಿಲ್ದೆ ಏನೋ ಬೆರೆಸಿಬಿಟ್ಟಿದ್ದಾಳೆ. ಬರೆದು ಕೊಡ್ತಿದ್ದಾಳೆ."

ಮೂವತ್ತು ಜನ ನನ್ನನ್ನೇ ನೋಡುತ್ತಿದ್ದರು. ಸಹಿ ಹಾಕಿದರೆ ನಾನು ದಡ್ಡಿ. ಹಾಕದಿದ್ದರೆ ಕಳ್ಳಿ. ದಡ್ಡಿಯಾಗುವುದು ಸುಲಭ, ಅದು ರೂಢಿಯಾಗಿತ್ತು.

"ನಾನು ಬೆರೆಸಿಲ್ಲ," ಎಂದೆ. "ನಾನು ಕದ್ದೆ."

ಕನ್ನಡಕದ ಹೆಂಗಸು ಫೈಲಿನಿಂದ ತಲೆಯೆತ್ತಿದಳು.

"ಡಬ್ಬದಿಂದ ಪುಡಿ ಕದ್ದು ನನ್ನ ಮಗಳಿಗೆ ಕುಡಿಸಿದೆ. ತೂಕ ಬರ್ಲಿ ಅಂತ. ಅವಳು ಆಸ್ಪತ್ರೆಲಿದ್ದಾಳೆ. ಅವಳಿಗೆ ರಕ್ತ ಹುಟ್ತಿಲ್ಲ. ನಾನೇ ಬೆರೆಸಿದ್ರೆ ನನ್ನ ಮಗಳಿಗೆ ಯಾಕೆ ಕುಡಿಸ್ತಿದ್ದೆ? ಬೆರೆಸಿದ್ದು ಇವರು. ಉಗ್ರಾಣದ ಬಾಗಿಲು ಹಾಕ್ಕೊಂಡು, ಕೈಗವಸು ಹಾಕ್ಕೊಂಡು, ಮೂಗು ಕಟ್ಕೊಂಡು. ನಾನು ತಗೊಂಡು ಹೋಗೋದನ್ನ ಕ್ಯಾಮೆರಾದಲ್ಲಿ ನೋಡ್ತಾ ಕೂತಿದ್ರು. ಅದೂ ಇವರೇ ಹೇಳಿದ್ದು, ಈಗ."

"ಸುಳ್ಳು ಹೇಳ್ತಿದ್ದಾಳೆ, ಕಳ್ಳಿ ಅಂತ ಅವಳೇ ಒಪ್ಕೊಂಡ್ಲಲ್ಲ," ಎಂದ ಟಾರ್ಚಪ್ಪ.

"ಹೂಂ, ಕಳ್ಳಿ. ಅದನ್ನ ಬರ್ಕೊಳ್ಳಿ, ಅದಕ್ಕೆ ಸಹಿ ಹಾಕ್ತೀನಿ. ಇದಕ್ಕೆ ಹಾಕಲ್ಲ."

ಕನ್ನಡಕದ ಹೆಂಗಸು ಓರಗಿತ್ತಿಯ ಕಡೆ ತಿರುಗಿ, "ನೀವೇನಾದ್ರೂ ನೋಡಿದ್ದೀರಾ?" ಎಂದಳು. ಓರಗಿತ್ತಿ ನೆಲ ನೋಡಿದಳು. ಅವಳನ್ನು ಬೈಯುವ ಬಾಯಿ ನನಗಿಲ್ಲ. ನಾನೂ ಡಾಕ್ಟರಮ್ಮನ ಮುಂದೆ ಹಾಗೇ ಕೂತಿದ್ದೆ.

ತೆರೆದಿದ್ದ ಡಬ್ಬದಿಂದ ಒಂದು ಹಿಡಿ ಪುಡಿ ತೆಗೆದುಕೊಂಡೆ. ಎಲ್ಲರ ಕಣ್ಣೆದುರಿಗೇ. ಒಂದು ಕೈಗವಸಿನೊಳಗೆ ಸುರಿದು ಬಾಯಿ ಗಂಟು ಹಾಕಿದೆ. ಇನ್ನೊಂದನ್ನು ಟಾರ್ಚಪ್ಪನ ಕೈಗಿಟ್ಟೆ.

"ಇದನ್ನ ಇಟ್ಕೊಳ್ಳಿ. ಇವರು ಹೋದ್ಮೇಲೆ ಹೇಗೂ ವಾಪಸ್ ಇಸ್ಕೋತಿದ್ರಿ."

ಗೇಟಿನಲ್ಲಿ ಕಾವಲಿನ ಹೆಂಗಸು ಅಡ್ಡ ಬಂದಳು. ಕೈಯಲ್ಲೇನು ಎಂದಳು. ತೋರಿಸಿದೆ. ಅವಳ ಮಗನೂ ಆ ಸಣಕಲು ಸಾಲಿನಲ್ಲಿ ನಿಂತವನೇ. ನನ್ನ ಮುಖ ನೋಡಿ ಗೇಟು ತೆಗೆದಳು.

ಆಮೇಲೆ ಹೊಂಡದವರು ನನ್ನ ಮೇಲೆ ಕಳ್ಳತನದ ದೂರು ಕೊಟ್ಟರು. ಕೆಲಸ ಹೋಯಿತು. ಕನ್ನಡಕದ ಹೆಂಗಸು ಏನು ಬರೆದುಕೊಂಡಳೋ ನನಗೆ ತಿಳಿಸಿದವರಿಲ್ಲ. ಆ ಕಾಗದಕ್ಕೆ ಬೇರೆ ಯಾರದ್ದಾದರೂ ಹೆಬ್ಬೆಟ್ಟು ಬಿದ್ದಿರಬಹುದು. ನನ್ನದಂತೂ ಬೀಳಲಿಲ್ಲ. ಅದರಿಂದ ದೊಡ್ಡ ಹೆಮ್ಮೆಯೇನೂ ಆಗಿಲ್ಲ. ಮೂವತ್ತು ಜನರ ಮುಂದೆ ಹೇಳುವುದು ಸುಲಭವಾಗಿತ್ತು. ಇನ್ನೊಬ್ಬಳ ಮುಂದೆ ಹೇಳುವುದು ಬಾಕಿಯಿತ್ತು.

ಅವತ್ತು ಗೇಟಿನಿಂದ ನೇರವಾಗಿ ವಾರ್ಡಿಗೇ ಹೋದೆ. ಡಾಕ್ಟರಮ್ಮ ಮಗಳ ಮಂಚದ ಹತ್ತಿರವೇ ಇದ್ದಳು. ಹೊರಗೆ ಕರೆದು ಹೇಳಬಹುದಿತ್ತು. ಕರೆಯಲಿಲ್ಲ. ಕೈಗವಸಿನ ಗಂಟು ಬಿಚ್ಚಿ ಮಂಚದ ಮೇಲಿಟ್ಟೆ. ಎಲ್ಲಾ ಹೇಳಿದೆ. ಬಿಳಿ ಡ್ರಮ್ಮಿನ ವಿಷಯ, ಕಾಗದದಲ್ಲಿ ಓದಿದ್ದು, ಎಷ್ಟು ಚಮಚ, ಎಷ್ಟು ದಿನ. ಡಾಕ್ಟರಮ್ಮ ಬರೆದುಕೊಳ್ಳುತ್ತಾ ಹೋದಳು.

"ಕೊನೆ ಸಲ ಕೊಟ್ಟಿದ್ದು ಯಾವಾಗ? ಇಲ್ಲಿ ಸೇರಿಸೋ ಮುಂಚೆನಾ?"

"ಇವತ್ತು ಬೆಳಿಗ್ಗೆ."

ಪೆನ್ನು ನಿಂತಿತು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

"ನಿಲ್ಲಿಸಿದ್ರೆ ಎಷ್ಟೋ ಜನರಿಗೆ ರಕ್ತ ವಾಪಸ್ ಬರುತ್ತೆ," ಎಂದಳು. "ಕೆಲವರಿಗೆ ಬರಲ್ಲ. ಕಾದು ನೋಡ್ಬೇಕು. ಅವತ್ತು ಕೇಳಿದಾಗಲೇ ಹೇಳಿದ್ರೆ..." ಅಲ್ಲಿಗೆ ಬಿಟ್ಟಳು. "ನೀವೂ ರುಚಿ ನೋಡ್ತಿದ್ರಲ್ಲ, ನಿಮ್ಮ ರಕ್ತಾನೂ ತೆಗೀಬೇಕು." ಪುಡಿಯನ್ನು ಒಂದು ಸೀಸೆಗೆ ಹಾಕಿಸಿಕೊಂಡು ಹೋದಳು.

ಮಗಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಮಣಿಕಟ್ಟಿನ ಕಲೆ ಹಸಿರಿಗೆ ತಿರುಗಿತ್ತು.

"ಅದು ಸೀಗಡಿದಾ?" ಎಂದಳು.

"ಹೂಂ."

"ಆಸ್ಪತ್ರೆದು ಅಂದಿದ್ದೆ."

"ಸುಳ್ಳು ಹೇಳಿದ್ದೆ ಮಗಳೇ."

ಹೊದಿಕೆಯನ್ನು ಕತ್ತಿನವರೆಗೆ ಎಳೆದುಕೊಂಡಳು. ನಿದ್ದೆ ಹೋದಳೇನೋ ಎಂದುಕೊಂಡೆ.

"ಕಹಿ ಅಂತ ನಾನು ಅವತ್ತೇ ಹೇಳಿದ್ದೆ ಅಮ್ಮ."

ಹೇಳಿದ್ದಳು. ಮಂಚದ ಪಕ್ಕದಲ್ಲಿ ಬೆಳಿಗ್ಗೆಯ ಲೋಟ ಹಾಗೇ ಇತ್ತು. ತಳದಲ್ಲಿ ಒಂದು ಗುಟುಕು ಉಳಿದಿತ್ತು. ಎತ್ತಿ ನಾಲಿಗೆಗೆ ಹಚ್ಚಿದೆ. ಸಕ್ಕರೆಯೆಲ್ಲ ಎಲ್ಲಿ ಹೋಯಿತೋ, ಬಾಯಿ ಕಿತ್ತುಹೋಗುವಷ್ಟು ಕಹಿ. ಹದಿನಾಲ್ಕು ಹೊಂಡದ ಸೀಗಡಿಗೆ ದಿನಕ್ಕೆ ಐವತ್ತು ಸಲ ರುಚಿ ನೋಡಿದವಳು ನಾನು. ಮಗಳ ಲೋಟದಿಂದ ರುಚಿ ನೋಡಿದ್ದು ಅದೇ ಮೊದಲು.